ಕುಳಿತು ಮಾತನಾಡುವ ಕಟ್ಟೆ: ಸಾಂಗಲಿ–ಮಿರಜಗಳಲ್ಲಿ ಒಂದು ತಿರುಗಾಟ

ಆ ಅರ್ಜಿಯನ್ನು ಬರೆದುಕೊಟ್ಟವನು ನಾನೇ. ಸಾಂಗಲಿಯಲ್ಲಿ ನಮ್ಮ ಕಾಲೊನಿಯ ತಿರುವಿನಲ್ಲಿ ಒಂದು ಬೇವಿನ ಮರವಿದೆ. ಅದರ ಸುತ್ತ ಹಿಂದಿನವರು ಯಾರೋ ಕಲ್ಲು ಗಾರೆಗಳಿಂದ ಕಟ್ಟಿ, ಮೇಲೆ ಶಹಾಬಾದ ಫರಸಿ ಹಾಸಿದ ದುಂಡನೆಯ ಕಟ್ಟೆಯಿತ್ತು. ಸಂಜೆ ಅಲ್ಲಿ ಹಿರಿಯರು ಕೂಡ್ರುತ್ತಿದ್ದರು. ರಾತ್ರಿ ಹತ್ತರ ಮೇಲೆ ಹುಡುಗರು ಬಂದು, ಮೋಟರ್ ಸೈಕಲ್ಲುಗಳನ್ನು ಅಡ್ಡಾದಿಡ್ಡಿ ನಿಲ್ಲಿಸಿ ಗದ್ದಲವೆಬ್ಬಿಸುತ್ತಿದ್ದರು. ಪರೀಕ್ಷೆಯ ದಿನಗಳು. ನೆರೆಹೊರೆಯವರು ಮನೆಗೆ ಬಂದು, ‘ವಕೀಲಸಾಹೇಬರೇ, ಈ ಕಟ್ಟೆ ಇರುವ ತನಕ ಈ ಟವಾಳಖೋರರ ಕಾಟ ತಪ್ಪದು, ಒಂದು ಅರ್ಜಿ ಬರೆದುಕೊಡಿ’ ಎಂದರು. ಕಾನೂನಿನ ಆಧಾರ ಕೈಯಳತೆಯಲ್ಲಿಯೇ ಇತ್ತು. ಸಾರ್ವಜನಿಕ ರಸ್ತೆಗೆ ಅಡ್ಡಿಯಾಗುವ ಕಟ್ಟಡವನ್ನು ತೆಗೆಯಿಸುವ ಅಧಿಕಾರವನ್ನು 1949ರ ಮಹಾನಗರಪಾಲಿಕೆ ಅಧಿನಿಯಮ ಆಯುಕ್ತರಿಗೆ ಕೊಟ್ಟಿದೆ. ಒಂದೂವರೆ ಪುಟ ಬರೆದೆ. ಮೂವತ್ತಕ್ಕೂ ಹೆಚ್ಚು ಸಹಿಗಳಾದವು. ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಜೆಸಿಬಿ ಬಂದು ಅರ್ಧ ಗಂಟೆಯೊಳಗೆ ಕೆಲಸ ಮುಗಿಸಿತು. ಮರ ಉಳಿಯಿತು.

ನಾನು ಲೆಕ್ಕಕ್ಕೆ ಹಿಡಿಯದೆ ಇದ್ದವರು ನನ್ನ ತಂದೆ. ಅವರು ಜತ್ತ ತಾಲೂಕಿನ ಜಿಲ್ಲಾ ಪರಿಷತ್ ಕನ್ನಡ ಶಾಲೆಯೊಂದರಲ್ಲಿ ಮಾಸ್ತರರಾಗಿ ನಿವೃತ್ತರಾದವರು. ತಾಯಿ ತೀರಿಕೊಂಡ ಮೇಲೆ ನಮ್ಮೊಡನೆ ಇರಲು ಸಾಂಗಲಿಗೆ ಬಂದರು. ನಗರದಲ್ಲಿ ಅವರಿಗೆ ಯಾರೂ ಗೊತ್ತಿರಲಿಲ್ಲ. ಆದರೆ ಆರು ತಿಂಗಳೊಳಗೆ ಆ ಕಟ್ಟೆಯ ಮೇಲೆ ಅವರಿಗೆ ಮೂವರು ದೊರೆತಿದ್ದರು: ರಾಯಬಾಗ ಕಡೆಯ ನಿವೃತ್ತ ರೈಲ್ವೆ ಗಾರ್ಡು, ಅಥಣಿಯಿಂದ ಬಂದು ನೆಲೆಸಿದ ಬಟ್ಟೆ ವ್ಯಾಪಾರಿ, ಅರಿಸಿಣ ಪೇಟೆಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆದು ಮುದುಕರಾದ ಜಮಖಂಡಿಯ ದಿವಾಣಜಿ. ನಾಲ್ವರೂ ಕನ್ನಡಿಗರೆಂಬುದು ಕಟ್ಟೆಯ ಮೇಲೆ ಕುಳಿತ ನಂತರ ತಿಳಿದ ಸಂಗತಿ. ಮನೆಗಳ ಬಾಗಿಲಿಗೆ ಭಾಷೆಯ ಫಲಕವಿರುವುದಿಲ್ಲವಲ್ಲ. ಆಗ ಮೂರನೆಯ ಇಯತ್ತೆಯಲ್ಲಿದ್ದ ನನ್ನ ಮಗಳು ಅಜ್ಜನನ್ನು ಊಟಕ್ಕೆ ಕರೆಯಲು ಹೋಗಿ, ಕರೆಯುವುದನ್ನು ಮರೆತು, ಅಲ್ಲಿಯೇ ನಿಂತುಬಿಡುತ್ತಿದ್ದಳು. ಕೂರಿಗೆ, ಹಗೇವು, ಮುಂಗಾರಿ ಮಳೆ ಎಂಬ ಮಾತುಗಳು ಅವಳಿಗೆ ಪಾಠದಿಂದ ಬಂದವುಗಳಲ್ಲ. ಅಪ್ಪ ಅಮ್ಮಂದಿರಲ್ಲದ, ಗುರುಗಳೂ ಅಲ್ಲದ, ಬೇರೆ ಹಿರಿಯರ ಬಾಯಿಂದ ಅವಳು ಕನ್ನಡ ಕೇಳಿದ ಸ್ಥಳ ಈ ನಗರದಲ್ಲಿ ಅದೊಂದೇ ಆಗಿತ್ತು.

ಕಟ್ಟೆ ಹೋದ ಜಾಗದಲ್ಲಿ ಎರಡು ಸಿಮೆಂಟಿನ ಬೆಂಚುಗಳು ಬಂದವು. ಬೆನ್ನಿಗೆ ಆತುಕೊಳ್ಳುವ ಹಲಗೆಯ ಮೇಲೆ ದಾನಿಗಳ ಹೆಸರು ದಪ್ಪಕ್ಷರಗಳಲ್ಲಿದೆ. ಆ ಹೆಸರು ಹೋಗಿಬರುವವರಿಗೆ ಕಾಣಲೆಂದು ಎರಡನ್ನೂ ರಸ್ತೆಗೆ ಮುಖ ಮಾಡಿ ಒಂದೇ ಸಾಲಿನಲ್ಲಿ ನೆಟ್ಟಿದ್ದಾರೆ. ತಂದೆಯವರು ಒಂದು ಸಂಜೆ ಹೋಗಿ ಕುಳಿತು ಬೇಗನೆ ಹಿಂದಿರುಗಿದರು. ಏನಾಯಿತೆಂದು ಕೇಳಿದೆ.

‘ಬಸ್ಸಿನ್ಯಾಗ ಕುಂತಂಗ ಆಗತೈತಿ ತಮ್ಮಾ. ಯಾರ ಮಾರೀನೂ ಕಾಣಂಗಿಲ್ಲ. ಬಸ್ಸು ಮಾತ್ರ ಹೊಂಡಂಗಿಲ್ಲ’ ಎಂದರು.

ಅರ್ಜಿ ಬರೆದವನು ನಾನೆಂಬುದು ಅವರಿಗೆ ಗೊತ್ತಿತ್ತು. ಅದರ ಬಗ್ಗೆ ಅವರು ಎಂದೂ ಮಾತೆತ್ತಲಿಲ್ಲ. ದಿವಾಣಜಿಯವರು ಈಗ ಮಗನ ಮನೆಯ ಮೂರನೆಯ ಮಾಳಿಗೆಯಿಂದ ಇಳಿಯುವುದೇ ಅಪರೂಪ. ಗಾರ್ಡು ಸಾಹೇಬರು ಫೋನಿನಲ್ಲಿ ಮಾತನಾಡುತ್ತಾರೆ, ಕಿವಿ ಮಂದವಾದ್ದರಿಂದ ಬಹುಪಾಲು ತಾವೇ ಮಾತನಾಡುತ್ತಾರೆ.

ಕಳೆದ ಬೇಸಿಗೆಯಲ್ಲಿ ನ್ಯಾಯಾಲಯಗಳಿಗೆ ರಜೆ ಬಂದಾಗ ನಾವು ಮೂವರು, ತಂದೆಯವರು, ನಾನು, ಮಗಳು, ಒಂದು ಅಳತೆಯ ಟೇಪು ಹಿಡಿದು ಸಾಂಗಲಿ ಮಿರಜಗಳನ್ನು ತಿರುಗಿದೆವು. ಎರಡೂ ಊರುಗಳಲ್ಲಿ ಜನ ಎಲ್ಲಿ ಕೂಡ್ರುತ್ತಾರೆ, ಎಲ್ಲಿ ಕುಳಿತರೂ ಮಾತನಾಡುವುದಿಲ್ಲ ಎಂಬುದನ್ನು ನೋಡಬೇಕಾಗಿತ್ತು. ಹತ್ತು ಕಿಲೋಮೀಟರ್ ಅಂತರದ ಈ ಜೋಡಿ ಊರುಗಳು 1998ರಿಂದ ಕುಪವಾಡದೊಡನೆ ಕೂಡಿ ಒಂದೇ ಮಹಾನಗರಪಾಲಿಕೆಯಾಗಿವೆ. ಆದರೂ ಕೂಡ್ರುವ ಪದ್ಧತಿಯಲ್ಲಿ ಎರಡೂ ಬೇರೆಯೇ.

ಸಾಂಗಲಿಯಲ್ಲಿ ಮೊದಲು ಗಣಪತಿ ಮಂದಿರ. 1801ರಲ್ಲಿ ಮಿರಜದ ಪಾಲಿನಿಂದ ಬೇರೆಯಾಗಿ ಸಾಂಗಲಿಯನ್ನು ರಾಜಧಾನಿ ಮಾಡಿಕೊಂಡ ಚಿಂತಾಮಣರಾವ ಅಪ್ಪಾಸಾಹೇಬ ಪಟವರ್ಧನರು ಕಟ್ಟಿಸಿದ ಕರಿಕಲ್ಲಿನ ದೇವಾಲಯ ಅದು. ಅಲ್ಲಿಂದ ಕೃಷ್ಣೆಯ ಘಾಟಿಗೆ ಹೋದರೆ ಈ ಊರಿನ ಅತ್ಯುತ್ತಮ ಆಸನ ಕಾಣುತ್ತದೆ: ಮೆಟ್ಟಿಲುಗಳು. ಒಬ್ಬ ಮೇಲಿನ ಮೆಟ್ಟಿಲಲ್ಲಿ, ಇನ್ನೊಬ್ಬ ಎರಡು ಮೆಟ್ಟಿಲು ಕೆಳಗೆ ಅರ್ಧ ತಿರುಗಿ, ಮೂರನೆಯವನು ಕಾಲು ಚಾಚಿ ಪಕ್ಕಕ್ಕೆ. ಯಾರೂ ಹೇಳದೆಯೇ ಅವರು ಒಬ್ಬರ ಮುಖ ಒಬ್ಬರು ಕಾಣುವಂತೆ ಕುಳಿತಿರುತ್ತಾರೆ. ಒಬ್ಬನೇ ಬಂದವನಿಗೂ ಅಲ್ಲಿ ಸಂಕೋಚವಿಲ್ಲ, ಎದುರಿಗೆ ನದಿಯಿದೆ, ಅದನ್ನು ನೋಡುತ್ತಿದ್ದೇನೆಂದು ಹೇಳಿಕೊಳ್ಳಬಹುದು. ಮಳೆಗಾಲದಲ್ಲಂತೂ ಊರಿಗೆ ಊರೇ 1929ರಲ್ಲಿ ತೆರೆದ ಅಯರ್ವಿನ್ ಸೇತುವೆಯ ಬಳಿ ಸೇರಿ ನೀರಿನ ಮಟ್ಟ ನೋಡುತ್ತದೆ. 2019ರ ಆಗಸ್ಟಿನಲ್ಲಿ ಆ ಮಟ್ಟ 57 ಅಡಿ ದಾಟಿ, ನೋಡಲು ನಿಂತವರ ಮನೆಗಳೊಳಗೇ ನೀರು ಬಂದಿತ್ತು. ನೆರೆ ಇಳಿದ ಮೇಲೆ ಕೆಸರು ಬಳಿದ ಓಣಿಗಳಲ್ಲಿ ಮಂದಿ ಮೊದಲು ತೊಳೆದದ್ದು ಮನೆಯ ಮುಂದಿನ ಓಟಾಗಳನ್ನು. ಕೂಡ್ರಲು, ಚಹಾ ಕುಡಿಯಲು, ಹೋದದ್ದನ್ನು ಲೆಕ್ಕ ಹಾಕಲು ಒಂದು ಜಾಗ ಬೇಕಾಗಿತ್ತು.

ಸಾಂಗಲಿಯ ಇನ್ನೊಂದು ಸಂಗತಿಯನ್ನು ಮಗಳಿಗೆ ಅಲ್ಲಿಯೇ ಹೇಳಿದೆ. ಉತ್ತರ ಕನ್ನಡದ ಕರ್ಕಿಯಿಂದ ಬಂದ ಭಾಗವತರ ಮೇಳವೊಂದು ಈ ಊರಿನಲ್ಲಿ ಆಟ ಆಡಿತು. ಅದನ್ನು ಕಂಡು ಮೆಚ್ಚಿದ ಅಪ್ಪಾಸಾಹೇಬರು ಅಂಥದನ್ನು ಮರಾಠಿಯಲ್ಲಿ ಮಾಡೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ಸೀತಾ ಸ್ವಯಂವರ ರಂಗಕ್ಕೆ ಬಂತು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದಲೇ ಎಣಿಸುತ್ತದೆ. ‘ಅಂದ್ರ ಅವರು ಕನ್ನಡದ ಆಟ ನೋಡಿದ್ರಾ?’ ಎಂದು ಮಗಳು ಎರಡು ಸಲ ಕೇಳಿದಳು. ಜನ ಒಂದೆಡೆ ಕುಳಿತರೆ ಭಾಷೆಗಳು ಒಂದರಿಂದೊಂದಕ್ಕೆ ಹೀಗೆ ದಾಟುತ್ತವೆ. ಇಂದಿಗೂ ಮರಾಠಿಯವರು ಹರಟೆಯ ಜಾಗಕ್ಕೆ ‘ಕಟ್ಟಾ’ ಎನ್ನುತ್ತಾರೆ. ಹಿರಿಯ ನಾಗರಿಕರ ಕಟ್ಟಾ, ಕಾಲೇಜು ಹುಡುಗರ ಕಟ್ಟಾ. ಆ ಮಾತು ಕಿವಿಗೆ ಬಿದ್ದಾಗ ನಮ್ಮ ‘ಕಟ್ಟೆ’ ನೆನಪಾಗದ ಕನ್ನಡಿಗನಿಲ್ಲ.

ಹರಿಪುರ ಸಾಂಗಲಿಗೆ ಅಂಟಿದಂತಿರುವ ಹಳ್ಳಿ. ಕೃಷ್ಣೆಗೆ ವಾರಣೆ ಕೂಡುವ ಸಂಗಮ, ಸಂಗಮೇಶ್ವರನ ಗುಡಿ, ಹುಣಸೆ ಮರಗಳ ದಾರಿ. ನೆಲದೊಳಗೆ ತೋಡಿದ ಪೇವುಗಳಲ್ಲಿ ಅರಿಸಿಣವನ್ನು ವರ್ಷಗಟ್ಟಲೆ ಕಾಪಿಡುತ್ತಿದ್ದ ಊರು ಇದು. ನಮ್ಮ ಹಗೇವಿನ ತಮ್ಮನೇ ಈ ಪೇವು. 2005ರ ನೆರೆಯಲ್ಲಿ ಅವುಗಳಲ್ಲಿ ಬಹಳಷ್ಟು ಹಾಳಾದವು. ನಾಟಕಕಾರ ಗೋವಿಂದ ಬಲ್ಲಾಳ ದೇವಲರು ಈ ಊರಿನವರು. ಮುದುಕನಿಗೆ ಎಳೆಯ ಹುಡುಗಿಯನ್ನು ಕೊಡುವ ಪದ್ಧತಿಯನ್ನು ಜರೆದ ಅವರ ಸಂಗೀತ ಶಾರದಾ 1899ರಲ್ಲಿ ಆಡಲ್ಪಟ್ಟಿತು. ಅದನ್ನು ಅವರು ಇಲ್ಲಿನ ಮರದ ಪಾರದ ಮೇಲೆ ಕುಳಿತು ಬರೆದರೆಂಬುದು ಊರವರ ಮಾತು. ಪಾರವೆಂದರೆ ಮರದ ಸುತ್ತಲಿನ ಕಟ್ಟೆ. ಮಾತು ನಿಜವೋ ಹೇಗೋ, ನಾಟಕಕಾರನಿಗೆ ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಊರಿನ ಹೆಂಗಸರು ಗಂಡಸರು ಮಾತನಾಡುವ ಧಾಟಿಯನ್ನು ಕೋಣೆಯಲ್ಲಿ ಕುಳಿತು ಕೇಳಲಾಗದು.

ಅಲ್ಲಿಂದ ಮರಳಿ ಮಿರಜದ ರಸ್ತೆ ಹಿಡಿದರೆ ವಿಶ್ರಾಮಬಾಗ. ವಿಲಿಂಗ್ಡನ್ ಕಾಲೇಜು, ಹೊಸ ಕಚೇರಿಗಳು, ಬ್ಯಾಂಕುಗಳು. ನಾನು ದಿನ ಕಳೆಯುವುದು ಇಂಥ ಕಡೆಗಳಲ್ಲಿಯೇ ಆದ್ದರಿಂದ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಇಂದು ಯಾವ ಕಚೇರಿಗೆ ಹೋದರೂ ಮೂರು ಮೂರು ಉಕ್ಕಿನ ಕುರ್ಚಿಗಳನ್ನು ಒಂದೇ ಸರಳಿಗೆ ಬಿಗಿದು, ಗೋಡೆಗೆ ಸಾಲಾಗಿ ನಿಲ್ಲಿಸಿರುತ್ತಾರೆ. ಜತ್ತ ಕಡೆಯಿಂದ ಬರುವ ನನ್ನ ಕಕ್ಷಿದಾರರು ಅವುಗಳ ಮೇಲೆ ಚಪ್ಪಲಿ ಬಿಟ್ಟು ಕಾಲು ಮಡಚಲು ನೋಡುತ್ತಾರೆ, ಆಗದೆ ಎದ್ದು ಹೊರಗಿನ ಮರದ ಕೆಳಗೆ ಹೋಗುತ್ತಾರೆ. ಹಿಂದೆ ನಾನು ಕಿರಿಯ ವಕೀಲನಾಗಿದ್ದಾಗ ಅಣ್ಣತಮ್ಮಂದಿರಿಬ್ಬರ ಪಾಲುವಾಟ್ನಿಯ ದಾವೆಯೊಂದಿತ್ತು. ತಾರೀಖಿನಿಂದ ತಾರೀಖಿಗೆ ಬಂದು ಅವರು ಕೂಡ್ರುತ್ತಿದ್ದುದು ಆವರಣದ ಒಂದೇ ಕಟ್ಟೆಯ ಎರಡು ಬದಿಗೆ. ನಾಲ್ಕನೆಯ ವರ್ಷದ ಒಂದು ತಾರೀಖಿಗೆ ಅಣ್ಣ ಬುತ್ತಿ ಬಿಚ್ಚಿ ಒಂದು ರೊಟ್ಟಿಯನ್ನು ಆಚೆ ಬದಿಗೆ ಸರಿಸಿದ. ರಾಜಿಯಾಗಲು ಮತ್ತೂ ಒಂದು ವರ್ಷ ಹಿಡಿಯಿತು, ಆದರೆ ಆರಂಭ ಅದು. ಸಾಲು ಕುರ್ಚಿಯಲ್ಲಿ ಅವರು ಬೇರೆ ಬೇರೆ ಗೋಡೆಗೆ ಕುಳಿತಿರುತ್ತಿದ್ದರು.

ಇದು ನನ್ನೊಬ್ಬನ ಭಾವುಕತೆಯಲ್ಲ. 1950ರ ದಶಕದಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಹಂಫ್ರಿ ಆಸ್ಮಂಡ್ ಎಂಬ ವೈದ್ಯರು, ಕೆಲವು ಜಾಗಗಳ ರಚನೆಯೇ ಜನರನ್ನು ದೂರ ತಳ್ಳುತ್ತದೆ, ಕೆಲವುದರ ರಚನೆ ಹತ್ತಿರ ಸೆಳೆಯುತ್ತದೆ ಎಂದು ಗುರುತಿಸಿದರು. ಅವರೊಡನೆ ಕೆಲಸ ಮಾಡಿದ ರಾಬರ್ಟ್ ಸೋಮರ್ ಎಂಬ ಮನಶ್ಶಾಸ್ತ್ರಜ್ಞರು ವೃದ್ಧೆಯರ ವಾರ್ಡಿನಲ್ಲಿ ಇದನ್ನು ಪರೀಕ್ಷಿಸಿದರು. ಗೋಡೆಗುಂಟ ಹೊಸ ಕುರ್ಚಿಗಳ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತ ಆ ತಾಯಂದಿರು ಮಾತೇ ಆಡುತ್ತಿರಲಿಲ್ಲ. ಅದೇ ಕುರ್ಚಿಗಳನ್ನು ಸಣ್ಣ ಮೇಜುಗಳ ಸುತ್ತ ಇಟ್ಟ ಮೇಲೆ ಕೆಲವು ವಾರಗಳಲ್ಲಿ ಮಾತುಕತೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ವೃದ್ಧೆಯರೂ ಅವರೇ, ಕುರ್ಚಿಗಳೂ ಅವೇ. ನನ್ನ ತಂದೆ ಬಸ್ಸಿನ ಉಪಮೆಯಲ್ಲಿ ಹೇಳಿದ್ದೂ ಇದೇ.

ಮಿರಜಕ್ಕೆ ಬಂದೆವು. ಶಿಲಾಹಾರರ ಕಾಲದ ಕನ್ನಡ ಶಾಸನಗಳಲ್ಲಿ ಮಿರಿಂಜೆ ಎಂದು ಕರೆಸಿಕೊಂಡ ಊರು. ಇಲ್ಲಿನ ಮೀರಾಸಾಹೇಬ ದರ್ಗಾದ ಅಂಗಳದಲ್ಲಿ ಒಂದು ಹುಣಸೆ ಮರವಿದೆ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಈ ಊರಿನಲ್ಲಿ ನೆಲೆಸಿ, ಉರುಸಿನಲ್ಲಿ ಈ ಮರದ ಕೆಳಗೆ ಹಾಡಿದವರು. 1937ರ ಅಕ್ಟೋಬರಿನಲ್ಲಿ ಪಾಂಡಿಚೇರಿಗೆ ಹೋಗುವಾಗ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಅವರ ಸಮಾಧಿ ಈ ದರ್ಗಾದಲ್ಲಿಯೇ ಇದೆ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ಲರು ಮತ್ತು ಭೀಮಸೇನ ಜೋಶಿಯವರು. ಧಾರವಾಡ ಸೀಮೆಯ ಹಾಡುಗಾರಿಕೆಯ ಒಂದು ಬೇರು ಈ ಅಂಗಳದಲ್ಲಿದೆಯೆಂದರೆ ತಪ್ಪಾಗದು. ಇಂದಿಗೂ ಉರುಸಿನ ದಿನಗಳಲ್ಲಿ ಅವರ ನೆನಪಿಗೆ ಸಂಗೀತ ಸಭೆ ನಡೆಯುತ್ತದೆ. ಟಿಕೀಟಿಲ್ಲ. ಕೇಳುವವರು ನೆಲದ ಮೇಲೆ, ಕಟ್ಟೆಯ ಅಂಚಿನ ಮೇಲೆ, ಗೋಡೆಗೆ ಆತು, ತಮಗೆ ತೋಚಿದಲ್ಲಿ ಕೂಡ್ರುತ್ತಾರೆ.

ದರ್ಗಾದ ಸಮೀಪದ ಓಣಿಗಳಲ್ಲಿ ಸಿತಾರ ತಂಬೂರಿ ಮಾಡುವವರ ಅಂಗಡಿಗಳು. ಹಿಂದೆ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು ಹತ್ತೊಂಬತ್ತನೆಯ ಶತಮಾನದಲ್ಲಿ ವಾದ್ಯಗಳ ಕಡೆಗೆ ತಿರುಗಿ, ಸಿತಾರಮೇಕರ ಎಂಬ ಅಡ್ಡಹೆಸರನ್ನೇ ಪಡೆದವು. ಪಂಢರಪುರ ಕಡೆಯಿಂದ ಬರುವ ದೊಡ್ಡ ಸೋರೆಬುರುಡೆಗಳು ಮಾಡಿಗೆ ತೂಗುತ್ತಿರುತ್ತವೆ. 2024ರಲ್ಲಿ ಮಿರಜದ ಸಿತಾರ ಮತ್ತು ತಂಬೂರಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. ನಮ್ಮ ಕಣ್ಣಿಗೆ ಬಿದ್ದದ್ದು ಅಂಗಡಿಯ ಹೊಸ್ತಿಲು. ಕೆಲಸಗಾರರು ಒಳಗೆ ನೆಲದ ಮೇಲೆ ಕುಳಿತಿರುತ್ತಾರೆ. ಅಂಗಡಿಯ ನೆಲ ರಸ್ತೆಗಿಂತ ಮೊಣಕಾಲೆತ್ತರ ಮೇಲಿದೆ. ಹೀಗಾಗಿ ಹಾದಿಯಲ್ಲಿ ಹೋಗುವವನು ಅಂಚಿನ ಮೇಲೆ ಕುಳಿತರೆ ಒಳಗಿನವನೂ ಹೊರಗಿನವನೂ ಒಂದೇ ಮಟ್ಟದಲ್ಲಿ ಮಾತನಾಡಬಹುದು. ಕೈಯಲ್ಲಿ ಕೆಲಸವಿರುವವನ ಎದುರು ಕುಳಿತವನಿಗೆ ಮಾತಿಗೆ ವಿಷಯ ಹುಡುಕಬೇಕಾಗಿಲ್ಲ. ತಂದೆಯವರು ಹಾಗೆಯೇ ಕುಳಿತರು. ಒಬ್ಬ ಹಿರಿಯ ಕುಶಲಕರ್ಮಿ ತಂತಿ ಬಿಗಿಯುತ್ತ, ನಮ್ಮ ಮಾತು ಕೇಳಿ, ‘ಧಾರವಾಡದಿಂದ ಬಂದಿರೇನ್ರಿ?’ ಎಂದು ಕನ್ನಡದಲ್ಲಿಯೇ ಕೇಳಿದರು. ಹುಬ್ಬಳ್ಳಿ ಧಾರವಾಡಗಳ ಗಾಯಕರೊಡನೆ ವ್ಯವಹರಿಸಿ ಕಲಿತ ಕನ್ನಡವಂತೆ. ಮುಕ್ಕಾಲು ಗಂಟೆ ಕಳೆಯಿತು. ಮಗಳು ಟೇಪು ಹಿಡಿದಳು. ಅಂಚಿನ ಎತ್ತರ 18 ಇಂಚು.

ಮಿರಜ ಜಂಕ್ಷನ್ನಿನ ಬಗ್ಗೆ ಹೆಚ್ಚು ಹೇಳಲಾರೆ. ಒಂದು ಕಾಲಕ್ಕೆ ಬ್ರಾಡ್, ಮೀಟರ್, ನ್ಯಾರೋ ಮೂರೂ ಗೇಜುಗಳು ಇಲ್ಲಿ ಕೂಡುತ್ತಿದ್ದವು. 2016ರ ಬರಗಾಲದಲ್ಲಿ ಲಾತೂರಿಗೆ ನೀರು ಹೊತ್ತ ರೈಲು ಹೊರಟದ್ದು ಇಲ್ಲಿಂದಲೇ. ಬೆಂಗಳೂರಿನ ರಾಣಿ ಚೆನ್ನಮ್ಮ ಬರುವ ಹೊತ್ತಿಗೆ ಫಲಾಟಿನಲ್ಲಿ ನಾಲ್ಕು ಬಗೆಯ ಕನ್ನಡ ಕೇಳಬಹುದು. ಆದರೆ ಬೆಂಚುಗಳು ಬೆನ್ನಿಗೆ ಬೆನ್ನು ಕೊಟ್ಟಿವೆ. ಕುಟುಂಬದವರು ನೆಲಕ್ಕೆ ಚಾದರ ಹಾಸಿ ದುಂಡಗೆ ಕುಳಿತಿದ್ದರು. ಬೆಂಚಿನ ಮೇಲೆ ಒಂಟಿ ಪ್ರಯಾಣಿಕರಿದ್ದರು.

ಇಷ್ಟು ಹೊಗಳಿದ ಮೇಲೆ ಕಟ್ಟೆಯ ಇನ್ನೊಂದು ಮುಖವನ್ನು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ನಮ್ಮ ಊರಿನ ಹನುಮಂತದೇವರ ಗುಡಿಯ ಮುಂದಿನ ಕಟ್ಟೆಯನ್ನು ನಾನು ಬಾಲ್ಯದಿಂದ ಬಲ್ಲೆ. ನನ್ನ ತರಗತಿಯ ಒಬ್ಬ ಗೆಳೆಯನ ತಂದೆ ಅಲ್ಲಿಗೆ ದಿನವೂ ಬರುತ್ತಿದ್ದರು. ಅವರೂ ಮಾತಿನಲ್ಲಿ ಸೇರುತ್ತಿದ್ದರು, ನಗಿಸುತ್ತಲೂ ಇದ್ದರು. ಆದರೆ ನಿಂತುಕೊಂಡೇ. ಅವರು ಏಕೆ ಕೂಡ್ರುವುದಿಲ್ಲವೆಂದು ನಾನು ಒಮ್ಮೆ ಕೇಳಿದಾಗ ತಂದೆಯವರು ಉತ್ತರಿಸಲಿಲ್ಲ. ಕಾನೂನು ಓದುವಾಗ ಸಂವಿಧಾನದ 15ನೆಯ ಅನುಚ್ಛೇದದ ಎರಡನೆಯ ಖಂಡ ಬಂದ ದಿನ ಆ ಮನುಷ್ಯ ನನ್ನ ಕಣ್ಣ ಮುಂದೆ ನಿಂತಿದ್ದರು. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಮತ್ತು ಸರ್ಕಾರದ ಹಣದಿಂದ ನಡೆಯುವ, ಇಲ್ಲವೆ ಜನರ ಬಳಕೆಗೆಂದೇ ಬಿಟ್ಟುಕೊಟ್ಟ ಸಾರ್ವಜನಿಕ ಸಮಾಗಮದ ಸ್ಥಳಗಳ ಬಳಕೆಗೆ ಜಾತಿ ಧರ್ಮಗಳ ಕಾರಣದಿಂದ ಯಾರನ್ನೂ ತಡೆಯಲಾಗದು ಎನ್ನುತ್ತದೆ ಅದು. ನಮ್ಮ ಊರಿನ ಕಟ್ಟೆ ಜನರನ್ನು ಕೂಡಿಸುತ್ತಿತ್ತು, ಎಲ್ಲರನ್ನೂ ಕೂಡ್ರಿಸುತ್ತಿರಲಿಲ್ಲ. ನಗರದ ಸಿಮೆಂಟಿನ ಬೆಂಚು ಎಲ್ಲರನ್ನೂ ಕೂಡ್ರಿಸುತ್ತದೆ, ಯಾರನ್ನೂ ಕೂಡಿಸುವುದಿಲ್ಲ.

ಹೆಂಗಸರ ಮಾತಂತೂ ಬೇರೆಯೇ. ನಾನು ವರ್ಣಿಸಿದ ಕಟ್ಟೆಗಳ ಮೇಲೆಲ್ಲ ಗಂಡಸರೇ ಇದ್ದರೆಂಬುದನ್ನು ಈ ಲೇಖನದ ಮೊದಲ ಕರಡು ಓದಿದ ನನ್ನ ಹೆಂಡತಿ ತೋರಿಸಿಕೊಟ್ಟಳು. ಚೌಕದ ಕಟ್ಟೆಗೆ ಹೆಣ್ಣುಮಕ್ಕಳು ಬಾರರು. ಅವರು ಕೂಡ್ರುವುದು ಮನೆಯ ಹೊಸ್ತಿಲಿನ ಬಳಿ, ಗುಡಿಯಲ್ಲಿ, ಘಾಟಿನಲ್ಲಿ, ಶಾಲೆಯ ಗೇಟಿನ ಮುಂದೆ: ಅಂದರೆ ಅಲ್ಲಿರಲು ಒಂದು ಕಾರಣವಿದ್ದಲ್ಲಿ, ನಾಲ್ಕು ಜನರ ಕಣ್ಣಿರುವಲ್ಲಿ.

ಅಮೆರಿಕೆಯಲ್ಲಿ ವಿಲಿಯಂ ವೈಟ್ ಎಂಬವರು 1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳನ್ನು ಕ್ಯಾಮರಾ ಇಟ್ಟು ವರ್ಷಗಟ್ಟಲೆ ಗಮನಿಸಿ, 1980ರಲ್ಲಿ ಪುಸ್ತಕ ಬರೆದರು. ಜನ ಕೂಡ್ರಲು ಜಾಗವಿರುವಲ್ಲಿ ಕೂಡ್ರುತ್ತಾರೆ ಎಂಬುದು ಅವರ ಮೊದಲ ತೀರ್ಮಾನ. ಇಷ್ಟಕ್ಕೆ ವರ್ಷಗಳು ಬೇಕಾದವೇ ಎಂದು ಅವರೇ ನಕ್ಕಿದ್ದಾರೆ. ಒಂದು ಅಡಿಯಿಂದ ಮೂರು ಅಡಿಯವರೆಗಿನ ಯಾವ ಅಂಚಿನ ಮೇಲಾದರೂ ಜನ ಕೂಡ್ರುತ್ತಾರೆ, ಆದರೆ ಅಗಲ ಎರಡು ಆಸನದಷ್ಟಿರಬೇಕು ಎಂದರು. ವಕೀಲನಾಗಿ ನನಗೆ ಹಿಡಿಸಿದ್ದು ಮುಂದಿನದು. 1975ರಲ್ಲಿ ಆ ನಗರ ಅದನ್ನು ನಿಯಮವಾಗಿಯೇ ಬರೆಯಿತು: ಚೌಕದ ಪ್ರತಿ 30 ಚದರ ಅಡಿಗೆ 1 ಅಡಿ ಉದ್ದದ ಆಸನ. ಇನ್ನೊಂದು ಮಾತನ್ನೂ ವೈಟ್ ಹೇಳಿದ್ದಾರೆ: ಬೇಡವಾದವರನ್ನು ದೂರವಿಡುವ ಅತ್ಯುತ್ತಮ ಉಪಾಯವೆಂದರೆ ಜಾಗವನ್ನು ಉಳಿದೆಲ್ಲರಿಗೂ ಬೇಕಾಗುವಂತೆ ಮಾಡುವುದು. ನಮ್ಮ ಕಾಲೊನಿಯ ಆ ರಾತ್ರಿಯ ಹುಡುಗರು ಈಗ ಪಕ್ಕದ ಓಣಿಯ ಮುಚ್ಚಿದ ಅಂಗಡಿಯೊಂದರ ಮುಂದೆ ಸೇರುತ್ತಾರೆ. ಗದ್ದಲ ನಿಂತಿಲ್ಲ, ಮನೆ ಬದಲಿಸಿದೆ. ಕಟ್ಟೆಗೆ ಒಂದು ದೀಪ ಹಾಕಿಸಿ, ಹುಡುಗರನ್ನು ಕರೆದು ನಾಲ್ಕು ಮಾತನಾಡಿದ್ದರೆ ಸಾಕಾಗುತ್ತಿತ್ತೇನೋ. ಅರ್ಜಿ ಬರೆಯುವ ಮುನ್ನ ಅವರಲ್ಲಿ ಒಬ್ಬನನ್ನೂ ನಾನು ಮಾತನಾಡಿಸಿರಲಿಲ್ಲ.

ನಮ್ಮ ದೇಶದ ಕಾನೂನಿನಲ್ಲಿಯೂ ಬೀದಿ ಕೇವಲ ವಾಹನಗಳ ಸೊತ್ತಲ್ಲ. 1972ರಲ್ಲಿ ಹಿಮ್ಮತಲಾಲ ಶಾಹ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಸಾರ್ವಜನಿಕ ಬೀದಿಯಲ್ಲಿ ಸಭೆ ಸೇರುವುದನ್ನು ಆಡಳಿತ ನಿಯಂತ್ರಿಸಬಹುದು, ಆದರೆ ಎಲ್ಲ ಬೀದಿಗಳನ್ನೂ ಸಭೆಗೆ ಮುಚ್ಚಿಬಿಡಲಾಗದು ಎಂದಿತು. ಪ್ರಶ್ನೆಗೆ ಬಂದ ನಿಯಮ 1951ರ ಮುಂಬಯಿ ಪೊಲೀಸ್ ಅಧಿನಿಯಮದಡಿ ಅಹಮದಾಬಾದಿನಲ್ಲಿ ಮಾಡಿದ್ದು. ಅದೇ ಅಧಿನಿಯಮ ಸಾಂಗಲಿಗೂ ಅನ್ವಯಿಸುತ್ತದೆ. ನನ್ನ ಅರ್ಜಿಯಲ್ಲಿ ಅಡ್ಡಿಯ ಕಲಮನ್ನು ಉದ್ಧರಿಸಿದವನಿಗೆ ಈ ತೀರ್ಪು ನೆನಪಾಗಿರಲಿಲ್ಲ. ಬೇಕಾದದ್ದನ್ನೇ ನೆನೆಯುವುದು ನಮ್ಮ ವೃತ್ತಿಯ ಗುಣ.

ಈಗ ನಮ್ಮ ಪಾಲಕರ ವಿಷಯಕ್ಕೆ ಬರುತ್ತೇನೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದ ರಾಜ್ಯಗಳಿಗೆ ಹೇಳುತ್ತದೆ. ಅದರ ಬಲದಿಂದ ಶಾಲೆಯ ಗೋಡೆಯೊಳಗೆ ಕನ್ನಡವಿದೆ. ಗೇಟಿನ ಹೊರಗಿನ ಕನ್ನಡಕ್ಕೆ ಯಾವ ಅನುಚ್ಛೇದವೂ ಇಲ್ಲ. ನನ್ನ ಮಗಳ ಶಾಲೆಯ ಮುಂದೆ ಮಧ್ಯಾಹ್ನ ನಾವೆಲ್ಲ ಗಾಡಿಯಿಂದ ಇಳಿಯದೆ, ಮೊಬೈಲು ನೋಡುತ್ತ ಕಾಯುತ್ತೇವೆ. ಅಜ್ಜಿಯರು ಗೋಡೆಯ ನೆರಳನ್ನು ಹಿಂಬಾಲಿಸಿ ಸರಿಯುತ್ತಿರುತ್ತಾರೆ. ಎರಡು ವರ್ಷ ಒಂದೇ ಹೊತ್ತಿಗೆ ಒಂದೇ ಗೇಟಿಗೆ ಬಂದ ಇಬ್ಬರು ತಾಯಂದಿರು ಒಂದೇ ಊರಿನ ಸೊಸೆಯರೆಂಬುದು ತಿಳಿದದ್ದು ಸ್ನೇಹ ಸಮ್ಮೇಲನದ ದಿನ, ಕುರ್ಚಿ ಹಾಕಿದಾಗ. ಪಟಸಂಖ್ಯೆ ಕಡಿಮೆಯಾಗುತ್ತಿದೆ, ಮುಂದಿನ ವರ್ಷ ತುಕಡಿ ಉಳಿಯುವುದೋ ಇಲ್ಲವೋ ಎಂದು ಪ್ರತಿಯೊಬ್ಬ ಪಾಲಕನೂ ತನ್ನ ಮನೆಯಲ್ಲಿ ಒಬ್ಬನೇ ಚಿಂತಿಸುತ್ತಾನೆ. ಒಟ್ಟಿಗೆ ಚಿಂತಿಸಲು ಕೂಡ್ರಬೇಕು, ಕೂಡ್ರಲು ಜಾಗ ಬೇಕು.

ಆದ್ದರಿಂದ ಎರಡನೆಯ ಅರ್ಜಿ ಬರೆದೆ. ಶಾಲೆಯ ಗೋಡೆಗೂ ರಸ್ತೆಗೂ ನಡುವೆ ಬಳಸದ ಪಟ್ಟಿಯೊಂದಿದೆ. ಅಲ್ಲಿ ಮೂಲೆ ಮಡಚಿದ ಎರಡು ಕಟ್ಟೆಗಳು ಎದುರುಬದುರಾಗಿ ಬೇಕು, ಕುಳಿತವರ ನಡುವೆ ನಾಲ್ಕೈದು ಅಡಿಗಿಂತ ಹೆಚ್ಚು ಅಂತರ ಬೇಡ. ಅದಕ್ಕೂ ದೂರವಾದರೆ ಕೂಗಿ ಮಾತನಾಡಬೇಕಾಗುತ್ತದೆ. ಆಳ ಎರಡೂವರೆ ಅಡಿ, ಕಾಲು ಮಡಚಿ ಕೂಡ್ರುವವರಿಗಾಗಿ. ಮೇಲೆ ಫರಸಿ, ಉಕ್ಕು ಬೇಡ, ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಯಾರೂ ಕೂಡ್ರಲಾರರು. ನಡುವೆ ಒಂದು ಬೇವಿನ ಸಸಿ. ಒಂದು ತುದಿಗೆ ಮುದುಕರು ಹಿಡಿದು ಏಳಲು ಕಂಬಿ. ಗಾಲಿಕುರ್ಚಿ ಬಂದು ನಿಲ್ಲಲು ಕಟ್ಟೆಯ ಸಾಲಿನಲ್ಲಿಯೇ ಖಾಲಿ ಜಾಗ, ಹಿಂದೆ ಅಲ್ಲ. ನಡೆಯುವವರಿಗೆ ಆರು ಅಡಿ ದಾರಿ ಬಿಟ್ಟು ಕಟ್ಟಬೇಕು, ನಾಳೆ ನನ್ನಂಥ ವಕೀಲನೊಬ್ಬ ಅಡ್ಡಿಯ ಕಲಮು ಹಾಕದಂತೆ. ದೀಪ ಬೇಕು. ದಾನಿಗಳ ಹೆಸರು ಬರೆಯಲೇಬೇಕಾದರೆ ಕಟ್ಟೆಯ ಬುಡದಲ್ಲಿ ಬರೆಯಲಿ. ಸಹಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಾಯಂದಿರವು, ಅದನ್ನು ಹೆಂಡತಿ ನೋಡಿಕೊಂಡಳು. ಎತ್ತರ 16 ಇಂಚು ಎಂದು ಬರೆದಿದ್ದೆ. ತಂದೆಯವರು ಕರಡು ಓದಿ ಅದನ್ನು ಹೊಡೆದು 18 ಮಾಡಿದರು. ‘ಕುಂಡ್ರೂದು ಎಲ್ಲಿಯಾದರೂ ಆಗತೈತಿ. ಏಳೂದು ನೋಡ್ಬೇಕು’ ಎಂದರು.

ಅರ್ಜಿ ಸ್ವೀಕರಿಸಿದ ಗುಮಾಸ್ತರು ಎರಡು ಸಲ ಓದಿ, ‘ಇದು ಕಟ್ಟೆ ತೆಗೆಯಲೋ, ಕಟ್ಟಲೋ?’ ಎಂದು ಮರಾಠಿಯಲ್ಲಿ ಕೇಳಿದರು. ಕಟ್ಟಲು ಎಂದೆ. ಯಾವ ಟೇಬಲ್ಲಿಗೆ ಕಳಿಸಬೇಕೆಂದು ಸ್ವಲ್ಪ ಹೊತ್ತು ಯೋಚಿಸಿದರು. ಆವಕ ಕ್ರಮಾಂಕ ಬಿದ್ದಿದೆ. ಸ್ಥಳ ಪರಿಶೀಲನೆ ಆಗಬೇಕಾಗಿದೆ.

ಅಷ್ಟರಲ್ಲಿ ಶಾಲೆಯ ಎದುರಿನ ಚಹದ ಅಂಗಡಿಯವರು ಈ ಸಹಿ ಸಂಗ್ರಹದ ಗಲಾಟೆ ನೋಡಿ, ತಾವಾಗಿಯೇ ಇಟ್ಟಂಗಿಗಳ ಎರಡು ಗುಡ್ಡೆಯ ಮೇಲೆ ಒಂದು ಅಗಲವಾದ ಹಲಗೆಯನ್ನು, ಅದಕ್ಕೆ ಎದುರಾಗಿ ಇನ್ನೊಂದನ್ನು ಇಟ್ಟಿದ್ದಾರೆ. ಕಳೆದ ವಾರ ನಾನೂ ತಂದೆಯವರೂ ಹೋದಾಗ ಮೂವರು ಅಜ್ಜಿಯರು ಕುಳಿತು ಉಮದಿ ಕಡೆಯ ಮಳೆಯ ವಿಷಯ ಮಾತನಾಡುತ್ತಿದ್ದರು. ಗಾರ್ಡು ಸಾಹೇಬರನ್ನು ಅವರ ಮೊಮ್ಮಗ ರಿಕ್ಷಾದಲ್ಲಿ ಕರೆತಂದಿದ್ದ. ತಂದೆಯವರು ಕೂಡ್ರುವ ಮುನ್ನ ಮಗಳ ಚೀಲದಿಂದ ಟೇಪು ತೆಗೆಸಿ ಹಲಗೆಯ ಎತ್ತರ ಅಳೆದರು. 15 ಇಂಚು. ಚಹದವರ ಕಡೆಗೆ ತಿರುಗಿ, ‘ಇನ್ನೊಂದೊಂದು ಇಟ್ಟಂಗಿ ಹಾಕ್ರಿ’ ಎಂದರು.